ಬೀಗರ ಒಡ್ಡಿಗೆ ಹುಣಸೆ ಸಸಿ

ಗೋಡೆ ಎಬ್ಬಿಸುವವನಿಗೆ ಗಿಡ ಎಬ್ಬಿಸುವುದು ದೊಡ್ಡ ಮಾತೇ? ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಗೌಂಡಿ ಕೆಲಸ ಹಿಡಿದವನು ನಾನು. ಇಡೀ ಸಿಂದಗಿಯಲ್ಲಿ ನಾನು ಕಟ್ಟಿದ ಒಂದು ಗೋಡೆಯೂ ವಾಲಿಲ್ಲ. ಆ ಧೈರ್ಯದಲ್ಲೇ ದೇವಣಗಾಂವದಲ್ಲಿ ಮಗಳ ಮಾವನ ಪಕ್ಕ ಉಣ್ಣುತ್ತ ಕುಳಿತವನು ಘೋಷಿಸಿಬಿಟ್ಟೆ:

"ಬೀಗ್ರ, ನಿಮ್ಮ ಹೊಲದ ಒಡ್ಡಿಗೆ ಹುಣಸಿ ಸಸಿ ನಾನ ಎಬ್ಬಿಸಿ ತರ್ತೇನ್ರಿ. ಮಾತಂದ್ರ ಮಾತು!"

ಹಾಲಿನ ಖಾಲಿ ಪಾಕೀಟುಗಳಿಗೆ ಮಣ್ಣು, ನೆರೆಮನೆಯ ಆಡಿನ ಗೊಬ್ಬರ ತುಂಬಿ ಒಂದೊಂದರಲ್ಲಿ ಒಂದು ಹುಣಸೆ ಬೀಜ ಊರಿದೆ. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಒಳಗೆ ಏನು ನಡೆದಿದೆ? ಮೊದಲು ಬೇರು ಬರುತ್ತದೋ, ಎಲೆಯೋ? ಗೋಡೆಯಾದರೆ ಸಾಲುಸಾಲಿಗೂ ನೂಲು ಹಿಡಿದು ನೋಡುತ್ತೇನೆ. ಬೀಜವನ್ನು ನೋಡದೆ ನಂಬುವುದು ಹೇಗೆ? ದಿನಾ ಬೆಳಗ್ಗೆ ಕೆದಕಿ ತಪಾಸಣೆ ಕೈಗೊಂಡೆ. ಬೀಜ ಉಬ್ಬಿತು. ಸಿಪ್ಪೆ ಬಿರಿದು ಇಲಿಯ ಹಲ್ಲಿನಂಥ ಬಿಳಿ ಮೊನೆ ಕಂಡಿತು!

"ಏ, ಬಾ ಇಲ್ಲೆ! ಬಾಯಿ ಬಿಟ್ಟೈತಿ!" ಎಂದು ಹೆಂಡತಿಯನ್ನು ಕೂಗಿದೆ.

"ದಿನಾ ಹೊದಿಕಿ ಜಗ್ಗಿದ್ರ ಬಾಯಿ ಬಿಡದ ಏನ್ ಮಾಡತೈತ್ರಿ? ಮುಚ್ಚರಿ!"

ಮುಚ್ಚಿದೆ. ಮರುದಿನ ಮತ್ತೆ ತೆಗೆದೆ. ಮೊನೆ ಕಪ್ಪಾಗಿತ್ತು. ಬಲಿತಿದೆ ಎಂದುಕೊಂಡೆ!

ಕಡೆಗೂ ಪಾಕೀಟುಗಳಲ್ಲಿ ಹಸಿರು ಎದ್ದಿತು. ಕೆದಕುವುದನ್ನು ಬಿಟ್ಟು ಮೀಸೆ ತಿರುವಿದೆ. ಸಸಿ ಬೆಳೆಯುತ್ತ ಬಂತು, ಒಂದು ದಿನ ಸವರಿದರೆ ಚುಚ್ಚಿತು.

"ಹುಣಸಿಗೆ ಮುಳ್ಳ ಇರ್ತಾವೇನ್ರಿ?" ಹೆಂಡತಿ ಕೇಳಿದಳು.

"ಎಳೇವು ಅದಾವ. ನೀನೂ ಮದಿವ್ಯಾದ ಹೊಸದಾಗ ಹಿಂಗ ಚುಚ್ಚತಿದ್ದಿ."

"ಈಗ ಬಿಟ್ಟೇನೇನು?"

ಟಂಟಂ ಗಾಡಿ ಮಾಡಿಕೊಂಡು ಸಸಿಗಳ ಮೆರವಣಿಗೆ ಹೊರಡಿಸಿದೆ. ಬೀಗರು ಒಡ್ಡಿನ ಮೇಲೆ ಕೊಡಲಿ ಹಿಡಿದು ಜಾಲಿ ಕಡಿಯುತ್ತಿದ್ದರು. ನನ್ನ ಸಸಿ ನೋಡಿದರು. ಕೊಡಲಿ ಕೆಳಗಿಟ್ಟರು.

"ಬೀಗ್ರ, ಈ ಜಾಲಿ ಕಡ್ಯಾಕ ನನಗ ಆಳು ಸಿಗವಲ್ರು. ನೀವು ಗಾಡಿ ಮಾಡಿ ಮತ್ತ ಜಾಲೀನ ತಂದೀರಿ! ಆಡಿನ ಗೊಬ್ಬರ ಹಾಕಿದ್ರೇನು?"

"ಹೌದ್ರಿ..."

"ಆಡು ಜಾಲಿಕಾಯಿ ತಿಂದಿರತೈತಿ. ಅದರ ಹೊಟ್ಟ್ಯಾಗ ನೆನೆದ ಬೀಜ ಲಗೂನ ಹುಟ್ಟತೈತಿ."

"ಹೌದೇನ್ರಿ! ಎಷ್ಟೊತ್ತು ನೆನೀಬೇಕ್ರಿ?" ನಾನು ಆಸಕ್ತಿಯಿಂದ ಕೇಳಿದೆ.

"ಅಪ್ಪಾ!" ಮಾವನಿಗೆ ಬುತ್ತಿ ತಂದಿದ್ದ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಾತು ಹೋಯಿತು, ಮರ್ಯಾದೆ ಹೋಯಿತು ಎಂದು ಮನೆಗೆ ಬಂದು ಕುಳಿತರೆ, ಹೆಂಡತಿ ಮಾಳಿಗೆಯಿಂದ ಒಂದು ಪಾಕೀಟು ಇಳಿಸಿದಳು. ಅದರಲ್ಲಿ ಗೇಣುದ್ದ, ಅಪ್ಪಟ ಹುಣಸೆ ಸಸಿ!

"ಇದು ಹೆಂಗ ಬಂತು?"

"ನಿಮ್ಮ ಕಣ್ಣಿಗೆ ಬೀಳದಂಗ ಇಟ್ಟಿದ್ದೆ. ಬಂತು."

ಈಗ ಆ ಸಸಿ ಬೀಗರ ಒಡ್ಡಿನ ಮೇಲಿದೆ. ನನ್ನ ಮಾತು ಉಳಿಯಿತು. ಆಡು ಬಾರದಂತೆ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದ್ದಾರೆ. ನಾನು ಹೋದಾಗ ಮಾತ್ರ ಬೇಲಿ ಸಾಲುವುದಿಲ್ಲವಂತೆ. ಮಗಳೇ ಬಂದು ಅಡ್ಡ ನಿಲ್ಲುತ್ತಾಳೆ!