ಪಕ್ಕದ ಮನೆಯ ವೈಫೈಗೆ ನಾನು ಕೊಟ್ಟ ಚಿಕಿತ್ಸೆ

ಸಾಫ್ಟ್‌ವೇರಿನವರೇ ತುಂಬಿರುವ ಅಮೆರಿಕದ ಫ್ರೀಮಾಂಟಿನಲ್ಲಿ ಕನ್ನಡ ಮಾತಾಡುವ ಗಂಡಸು ತನಗೆ ಕಂಪ್ಯೂಟರ್ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನು ಹಲ್ಲಿನ ಡಾಕ್ಟರು ಎಂದು ಗೊತ್ತಿರುವವರೂ "ಆದ್ರೂ ಸ್ವಲ್ಪ ಗೊತ್ತಿರತ್ತಲ್ಲ" ಅನ್ನುತ್ತಾರೆ. ಸಿಗುವ ಮರ್ಯಾದೆಯನ್ನು ಯಾಕೆ ಬಿಡಬೇಕು ಅಂತ ನಾನೂ ತಲೆಯಾಡಿಸುತ್ತೇನೆ. ಹಾಗೆ ತಲೆಯಾಡಿಸಿದ್ದಕ್ಕೇ ಕಳೆದ ಶನಿವಾರ ಪಕ್ಕದ ಮನೆಯ ಸರೋಜಮ್ಮನವರು ನನ್ನನ್ನು ಕರೆದದ್ದು. ಹಾಸನದ ಕಡೆಯವರು, ಇಲ್ಲಿನ ಮಕ್ಕಳಿಗೆ ವಿಡಿಯೋದಲ್ಲಿ ಸಂಗೀತ ಹೇಳಿಕೊಡುತ್ತಾರೆ.

"ಡಾಕ್ಟ್ರೇ, ಬೇಗ ಬನ್ನಿ. ಕ್ಲಾಸು ಶುರುವಾಗಿದೆ, ವೈಫೈ ಕೈ ಕೊಡ್ತಿದೆ. ನಾನು ಅಂದ 'ಸಾ' ಮಕ್ಕಳಿಗೆ ತಲುಪೋ ಹೊತ್ತಿಗೆ ನಾನು 'ಪಾ' ದಾಟಿರ್ತೀನಿ. ಹೀಗೇ ಆದ್ರೆ ಅವರ ಅಪ್ಪ ಅಮ್ಮ ಬೇರೆ ಟೀಚರ್ ನೋಡ್ಕೋತಾರೆ!"

ಹೋಗಿ ನೋಡಿದರೆ ಪರದೆಯ ಮೇಲೆ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದರು. ನನಗೆ ದಿನಾ ಕಾಣುವ ನೋಟವೇ, ಧೈರ್ಯ ಬಂತು. ನನ್ನ ಕಸುಬಿನಂತೆ ಮೊದಲು ಕಿತ್ತೆ, ವೈರನ್ನು. ಮತ್ತೆ ಚುಚ್ಚಿದೆ. ದೀಪವೆಲ್ಲ ಹತ್ತಿತು, ಮಕ್ಕಳು ಮಾತ್ರ ಮಿಸುಕಲಿಲ್ಲ. ಫ್ರಿಜ್ಜಿನ ಹಿಂದೆ ಅಡಗಿದ್ದ ರೌಟರನ್ನು ಎತ್ತಿ ಶೋಕೇಸಿನ ಮೇಲಿಟ್ಟೆ. ಊಹೂಂ. ಕೊನೆಗೆ ಅವರ ಫೋನಿನಲ್ಲಿ ಏನೇನೋ ಕೆದಕುವಾಗ ಕಂಡಿತು, ಅವರ ವೈಫೈಗೆ ಯಾವುದೋ ಟಿವಿ ಅಂಟಿಕೊಂಡಿದೆ. ಸರೋಜಮ್ಮನವರ ಮನೆಯಲ್ಲಿ ಟಿವಿಯೇ ಇಲ್ಲ!

"ಯಾರೋ ನಿಮ್ಮ ಇಂಟರ್ನೆಟ್ ಕದೀತಿದ್ದಾರೆ" ಎಂದೆ, ಇನ್‌ಸ್ಪೆಕ್ಟರ ಗತ್ತಿನಲ್ಲಿ.

"ಅಯ್ಯೋ, ಮಾನ ಮರ್ಯಾದೆ ಇಲ್ದೋರು!" ಎಂದರು. ನಾನೂ ನಾಲ್ಕು ಮಾತು ಸೇರಿಸಿ ಬೈದು ಪಾಸ್‌ವರ್ಡ್ ಬದಲಿಸಿದೆ. ಅವರ ಲ್ಯಾಪ್‌ಟಾಪಿಗೆ ಹೊಸದನ್ನು ಹಾಕಿದ ತಕ್ಷಣ ಮಕ್ಕಳಿಗೆ ಜೀವ ಬಂತು, ಹಾಡು ಹೊರಟಿತು.

ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ ಮಗಳು ರಿಮೋಟು ಹಿಡಿದು ನಿಂತಿದ್ದಳು. "ಡ್ಯಾಡ್, ಟಿವಿ ಸ್ಟಾಪ್ಡ್! ಜಸ್ಟ್ ನೌ!"

ಹೆಂಡತಿ ಮಾಲಿನಿ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು. "ರೀ, ನಾವು ಈ ಮನೆಗೆ ಬಂದಾಗ ನಮ್ಮ ಇಂಟರ್ನೆಟ್ ಬರೋದು ತಡ ಆಯ್ತಲ್ಲ, ಪಾಪ ಸರೋಜಮ್ಮ ಅವರ ಪಾಸ್‌ವರ್ಡ್ ಕೊಟ್ಟಿದ್ರು. ಟಿವಿಗೆ ಅದನ್ನೇ ಹಾಕಿದ್ರಿ. ಆಮೇಲೆ ಬದಲಾಯಿಸಿದ್ರಾ?"

ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡೆ. ಕ್ಲಾಸು ಮುಗಿಯುವವರೆಗೆ ಪಕ್ಕದ ಮನೆ ಬಾಗಿಲಲ್ಲಿ ಕಾದು, ಕಳ್ಳ ಯಾರೆಂದು ಹೇಳಿದೆ. ಸರೋಜಮ್ಮನವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಹೋಗ್ಲಿ ಬಿಡಿ, ಮಗು ಟಿವಿ ನೋಡ್ಲಿ. ಕ್ಲಾಸಿಲ್ಲದಾಗ ನಮ್ಮದನ್ನೇ ಹಾಕ್ಕೊಳ್ಳಿ. ಹೊಸ ಪಾಸ್‌ವರ್ಡ್ ಹೇಳಲಾ?"

"ಬೇಡಮ್ಮ, ನಿಮ್ಮ ಮನೆಯದು ನನಗೆ ಬಾಯಿಪಾಠ" ಎಂದೆ. "ಗೊತ್ತಿಲ್ಲದೇ ಇರೋದು ನಮ್ಮ ಮನೆಯದು."