ಸ್ವಾತಂತ್ರ್ಯದೇವಿಯ ಟೋಪಿ

ಒಂಬತ್ತು ಅಡಿ ಎತ್ತರದ ಚಿತ್ರದಲ್ಲಿ ಟೋಪಿ ಇದ್ದದ್ದು ಎರಡು ಅಂಗೈ ಅಗಲ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಚಿತ್ರಗಾರ ಫಿಲೆಟಸ್ ಹಬೆಲ್ ತಿಳಿದಿದ್ದ. 1856ರ ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯದ ಹಬ್ಬದ ಬೆಳಿಗ್ಗೆ ಎಂಟು ಗಂಟೆಯವರೆಗೆ ಹಾಗೆಯೇ ತಿಳಿದಿದ್ದ.

ಎಂಟು ಗಂಟೆಗೆ ಪ್ಲಮ್ ಲ್ಯಾಂಡಿಂಗ್ ಊರಿನ ಕೋರ್ಟಿನೊಳಗೆ ಕ್ರಾಬ್‌ಟ್ರೀ ಮೇಷ್ಟರು ಬಂದರು. ಮಿಸ್ಸೂರಿ ನದಿಯ ಆ ದಂಡೆಯಲ್ಲಿ ಲ್ಯಾಟಿನ್ ಬಲ್ಲವರು ಅವರೊಬ್ಬರೇ. ಆ ವಿದ್ಯೆಗೆ ಗಿರಾಕಿ ಸಿಗದೆ ಅವರ ನಾಲಿಗೆ ಸದಾ ತುರಿಸುತ್ತಿತ್ತು. ನ್ಯಾಯಾಧೀಶರ ಪೀಠದ ಹಿಂದೆ ತೂಗಿದ್ದ ಚಿತ್ರದ ಮುಂದೆ ನಿಂತು ಅವರು ಕತ್ತು ಎತ್ತಿದರು. ಬಂಡೆಯ ಮೇಲೆ ಕೂತ ಸ್ವಾತಂತ್ರ್ಯದೇವಿ. ಬಲಗೈ ಗುರಾಣಿಯ ಮೇಲೆ, ಎಡಗೈಯಲ್ಲಿ ಕೋಲು, ಕೋಲಿನ ತುದಿಗೆ ಕೆಂಪು ಟೋಪಿ. ಹಿಂದೆ ನದಿ, ನದಿಯಾಚೆ ಕೊನೆಯಿಲ್ಲದ ಹುಲ್ಲುಗಾವಲು, ಅದರ ಮೇಲೆ ದೇವರೇ ಸುರಿದಂಥ ಬೆಳಕು. ಆ ಕಾಲದಲ್ಲಿ ಯಾರು ನಿಸರ್ಗ ಬರೆದರೂ ಅದರಲ್ಲಿ ದೇವರು ಎಲ್ಲಾದರೊಂದು ಕಡೆ ಇಣುಕಬೇಕಿತ್ತು.

“ಭೇಷ್,” ಎಂದರು ಮೇಷ್ಟರು. “ಈ ಊರಲ್ಲಿ ಇಷ್ಟು ಧೈರ್ಯ ಇರೋನು ನೀನೊಬ್ಬನೇ ಕಣಯ್ಯ.”

ಏಣಿಯ ಮೇಲಿದ್ದ ಫಿಲೆಟಸ್ ಕೆಳಗೆ ನೋಡಿದ. ಧೈರ್ಯವಂತ ಎಂದು ಅವನನ್ನು ಅವನ ತಾಯಿಯೂ ಕರೆದಿರಲಿಲ್ಲ. “ಯಾಕೆ ಮೇಷ್ಟ್ರೇ?”

“ಆ ಟೋಪಿ! ರೋಮಿನಲ್ಲಿ ಗುಲಾಮನಿಗೆ ಬಿಡುಗಡೆ ಆದಾಗ ತಲೆಗೆ ಹಾಕ್ತಿದ್ರಲ್ಲ, ಅದೇ ಟೋಪಿ. ‘ಇವನಿನ್ನು ಯಾರ ಆಳೂ ಅಲ್ಲ’ ಅಂತ ಅದರ ಅರ್ಥ. ಅದನ್ನ ತಂದು ನಮ್ಮ ಜಡ್ಜ್ ಟಾಲಿವರ್ ತಲೆ ಮೇಲೇ ನೇತುಹಾಕಿದೀಯ. ಅವರ ಹತ್ರ ಮೂವತ್ತೊಂದು ಜನ ಗುಲಾಮರಿದಾರೆ.”

ಫಿಲೆಟಸ್ ತಿರುಗಿ ಚಿತ್ರ ನೋಡಿದ. ಟೋಪಿಯನ್ನು ಅವನು ಹಾರ್ಟ್‌ಫರ್ಡಿನಲ್ಲಿ ಕೊಂಡ ಮಾದರಿ ಪುಸ್ತಕ ನೋಡಿ ಬರೆದಿದ್ದ. ಅಲ್ಲಿ ಹಣ್ಣಿನ ಬುಟ್ಟಿಗೆ ಎಷ್ಟು ಅರ್ಥವಿತ್ತೋ ಟೋಪಿಗೂ ಅಷ್ಟೇ ಇತ್ತು.

“ಅದೂ ನೀನು ಕನೆಟಿಕಟ್‌ನೋನು, ಗುಲಾಮರಿಲ್ಲದ ಉತ್ತರದೋನು,” ಎಂದು ಮೇಷ್ಟರು ಬಾಗಿಲಲ್ಲಿ ನಿಂತು ಸೇರಿಸಿದರು. “ಹೋದ ತಿಂಗಳು ಆ ಬೋಸ್ಟನ್ ವ್ಯಾಪಾರಿ ಗತಿ ನೋಡಿದೆಯಲ್ಲ? ಅವನ ಪೆಟ್ಟಿಗೆಯೊಳಗೆ ಹಾಸಿದ್ದ ಹಳೇ ಪೇಪರಲ್ಲಿ ಗುಲಾಮಗಿರಿ ವಿರುದ್ಧ ನಾಲ್ಕು ಸಾಲು ಇತ್ತು ಅಷ್ಟೇ. ಅವನಿಗೆ ಓದೋಕೂ ಬರ್ತಿರಲಿಲ್ಲ ಪಾಪ.”

ಫಿಲೆಟಸ್ ನೋಡಿದ್ದ. ಬೆತ್ತಲೆ ಮೈಗೆ ಕುದಿಯುವ ಡಾಂಬರು, ಅದರ ಮೇಲೆ ಕೋಳಿ ಪುಕ್ಕ. ಆ ಮನುಷ್ಯನನ್ನು ಬೇಲಿಯ ಗಳುವಿನ ಮೇಲೆ ಕೂರಿಸಿ ಹೊತ್ತೊಯ್ದಿದ್ದರು. ಅವನ ಕೂಗು ಮೂರು ದಿನ ಫಿಲೆಟಸನ ಕಿವಿಯಲ್ಲಿತ್ತು. ಈಗ ಮತ್ತೆ ಕೇಳಿಸತೊಡಗಿತು. ಚಿತ್ರದ ಅನಾವರಣ ಸಂಜೆ ನಾಲ್ಕಕ್ಕೆ. ಸ್ಟೀಮರು ಬರುವುದು ಮಾರನೆಯ ದಿನ. ನದಿ ದಾಟಿಸುವ ದೋಣಿಯನ್ನು ಕ್ಯಾಪ್ಟನ್ ಗ್ರಿಗ್ಸ್‌ಬಿಯ ದಂಡು ಕಾಯುತ್ತಿತ್ತು. ಓಡಿದರೆ ತಪ್ಪು ಒಪ್ಪಿಕೊಂಡ ಹಾಗೆ.

“ಐಸಮ್, ಟರ್ಪೆಂಟೈನ್ ಕೊಡು. ಬೇಗ!”

ಏಣಿ ಹಿಡಿದಿದ್ದ ಐಸಮ್ ಜಡ್ಜ್ ಟಾಲಿವರರ ಗುಲಾಮ, ಅರವತ್ತು ದಾಟಿದವನು. ಅವನು ಸೀಸೆ ಮೇಲೆ ಚಾಚಿದ, ಆದರೆ ಹಿಡಿತ ಸಡಿಲಿಸಲಿಲ್ಲ.

“ಸ್ವಾಮಿ, ಮೇಷ್ಟ್ರು ಹೇಳಿದ್ದು ನಿಜವಾ? ಅದು ಬಿಡುಗಡೆಯಾದೋರ ಟೋಪಿಯಾ?”

“ನೀನು ಏನೂ ಕೇಳಿಸ್ಕೊಂಡಿಲ್ಲ. ನಾನೂ ಕೇಳಿಸ್ಕೊಂಡಿಲ್ಲ.”

“ಆಗಲಿ. ಒಂದೇ ಒಂದು ಸಲ ಸರಿಯಾಗಿ ನೋಡ್ಕೋತೀನಿ, ಆಮೇಲೆ ಒರೆಸಿ.”

ಐಸಮ್ ನೋಡಿದ. ಫಿಲೆಟಸ್‌ಗೆ ಆ ಅರೆ ನಿಮಿಷ ಅರೆ ವರ್ಷವಾಯಿತು. ಆಮೇಲೆ ಒರೆಸಿದ. ಎಣ್ಣೆ ಬಣ್ಣ ಇನ್ನೂ ಪೂರ್ತಿ ಒಣಗಿರದಿದ್ದರಿಂದ ಟೋಪಿ ಸುಲಭವಾಗಿ ಹೋಯಿತು. ದೇವಿಯ ಕೈಯಲ್ಲಿ ಬರಿಯ ಕೋಲು ಉಳಿಯಿತು.

ಹನ್ನೊಂದಕ್ಕೆ ಛತ್ರದ ಯಜಮಾನಿ ಮಿಸೆಸ್ ಡಾಕೆಟ್ ಜೋಳದ ರೊಟ್ಟಿ, ಹಂದಿಮಾಂಸ ತಂದಳು. ಫಿಲೆಟಸ್ ಬಿಡಾರ ಮಾಡಿದ್ದು ಅವಳ ಛತ್ರದಲ್ಲೇ. “ಅಯ್ಯೋ, ಇವಳೇನಪ್ಪ ಹಂದಿ ಕಾಯೋಕೆ ಹೊರಟಿದಾಳಾ? ಕೋಲು ಹಿಡ್ಕೊಂಡು ಕೂತಿದಾಳೆ.”

“ಸ್ವಾತಂತ್ರ್ಯದೇವಿ, ಅಮ್ಮ.”

“ಯಾರಾದ್ರೇನು? ಕೋಲಿನ ತುದಿ ಬೋಳು ಬೋಳು. ನಿನ್ನೆವರೆಗೂ ಅಲ್ಲೇನೋ ಇತ್ತಲ್ಲ? ಯಾಕಪ್ಪ ತೆಗೆದೆ?”

ಆ ‘ಯಾಕೆ’ ಕೇಳಿ ಫಿಲೆಟಸ್ ಕಚ್ಚಿದ ರೊಟ್ಟಿಯನ್ನು ತಟ್ಟೆಗಿಟ್ಟು ಕುಂಚ ಹುಡುಕಿದ. ಇದನ್ನೇ ನಾಲ್ಕು ಗಂಟೆಗೆ ನಾಲ್ಕು ನೂರು ಜನ ಕೇಳಿದರೆ? ಅಲ್ಲಿ ಏನನ್ನಾದರೂ ತುಂಬಲೇಬೇಕು.

ಅವಳ ಹಿಂದೆಯೇ ಕ್ಯಾಪ್ಟನ್ ಗ್ರಿಗ್ಸ್‌ಬಿ ಬೂಟು ಕುಟ್ಟುತ್ತಾ ಬಂದ. ಮೇ ತಿಂಗಳಲ್ಲಿ ದಂಡು ಕಟ್ಟಿಕೊಂಡು, ಗುಲಾಮಗಿರಿ ಬೇಡ ಎನ್ನುವವರನ್ನು ಬಡಿಯಲು, ನದಿಯಾಚೆ ಕ್ಯಾನ್ಸಸ್‌ಗೆ ಹೋಗಿ ಬಂದಿದ್ದವನು. ಅಂದಿನಿಂದ ಮಲಗುವಾಗಲೂ ಕತ್ತಿ ಬಿಚ್ಚುತ್ತಿರಲಿಲ್ಲ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

“ಕೋಲಿಗೆ ಮೊನೆ ಹಾಕು!” ಎಂದ. “ಈಟಿ ಆಗಲಿ. ಆಚೆ ದಡದ ಕಳ್ಳರು ನೋಡಿ ನಡುಗಬೇಕು.”

ಸದ್ಯಕ್ಕೆ ನಡುಗುತ್ತಿದ್ದವನು ಈಚೆ ದಡದ ಫಿಲೆಟಸ್. ಈಟಿ ಬರೆದ. ಕ್ಯಾಪ್ಟನ್ ಸಂತೋಷದಿಂದ ಹೋದ. ಮಿಸೆಸ್ ಡಾಕೆಟ್ ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ವಾರೆ ಮಾಡಿದಳು.

“ಕುರ್ಚಿ ಎಲ್ಲಿದೆ ನೋಡ್ಕೊಂಡೆಯಾ? ಜಡ್ಜ್ ಸಾಹೇಬರು ಅಲ್ಲಿ ಕೂತ್ರೆ ಇವಳು ಹಿಂದಿನಿಂದ ಬಂದು ನೆತ್ತಿಗೆ ಚುಚ್ಚೋ ಹಾಗೆ ಕಾಣುತ್ತೆ. ಮೂವತ್ತೊಂದು ಆಳು ಇರೋರ ನೆತ್ತಿಗೆ!”

ಫಿಲೆಟಸ್ ಈಟಿಯನ್ನು ಒರೆಸಿ ಹದ್ದು ಬರೆದ. ಅವಸರಕ್ಕೆ ಅದು ಹೇಂಟೆಯಾಯಿತು. ಅದೂ ಮೊಟ್ಟೆಗೆ ಕೂತ ಹೇಂಟೆ. ದೇಶದ ಹದ್ದನ್ನು ಹೇಂಟೆ ಮಾಡಿದವನಿಗೆ ಯಾವ ಶಿಕ್ಷೆ ಎಂದು ಯೋಚಿಸಿ, ಅದನ್ನೂ ಒರೆಸಿದ. ಹೊರಗೆ ಹಬ್ಬದ ತೋಪು ಹಾರಿದಾಗೆಲ್ಲ ಅವನು ಏಣಿಯ ಮೇಲೆ ಒಂದೊಂದು ಅಂಗುಲ ಕುಪ್ಪಳಿಸುತ್ತಿದ್ದ. ಕೆಳಗಿನಿಂದ ಐಸಮ್ ಅವನ ಪಾದ ಹಿಡಿದುಕೊಂಡ.

“ಸೆಣಬಿನ ಗಿಡ ಬರೀರಿ ಸ್ವಾಮಿ. ಊರವರ ಹೊಟ್ಟೆ ತುಂಬೋದೇ ಸೆಣಬಿನಿಂದ. ಯಾರೂ ಬೇಡ ಅನ್ನಲ್ಲ. ನಾವೇ ತಾನೆ ಬೆಳೆಯೋದು, ನನಗೆ ಚೆನ್ನಾಗಿ ಗೊತ್ತು.”

ಫಿಲೆಟಸ್‌ಗೆ ಹೋದ ಜೀವ ಬಂತು. ಕೋಲು ಸೆಣಬಿನ ಕಾಂಡವಾಯಿತು, ತುದಿಯಲ್ಲಿ ಎಲೆಗಳು ಚಿಗುರಿದವು. ಮೂರೂವರೆಗೆ ಕೊನೆಯ ಎಲೆ ಮುಗಿಯುವಾಗ, ಸೆಣಬಿನಿಂದ ಊರು ಮಾಡುವುದು ಹಗ್ಗ ಎಂಬುದು ನೆನಪಾಗಿ ಅವನು ಕತ್ತು ಮುಟ್ಟಿಕೊಂಡ. ಆದರೆ ಬಾಗಿಲು ತೆರೆದು ಜನ ನುಗ್ಗಿದ್ದರು. ಚಿತ್ರಕ್ಕೆ ಬಿಳಿ ದುಪ್ಪಟಿ ಇಳಿಬಿಟ್ಟು ಮೂಲೆಗೆ ಸರಿದ.

ಹದಿನೈದು ದಿನ ಸೇಂಟ್ ಲೂಯಿಸ್‌ನಲ್ಲಿದ್ದು ಆವತ್ತೇ ಕುದುರೆಗಾಡಿಯಲ್ಲಿ ಮರಳಿದ್ದ ಜಡ್ಜ್ ಟಾಲಿವರ್ ಸ್ವಾತಂತ್ರ್ಯ ಘೋಷಣೆಯನ್ನು ಪೂರ್ತಿ ಓದಿದರು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಎಂಬಲ್ಲಿ ಅವರ ದನಿ ಗದ್ಗದವಾಯಿತು, ಸಭೆ ಕಣ್ಣೊರೆಸಿಕೊಂಡಿತು. ಆಮೇಲೆ ದುಪ್ಪಟಿ ಎಳೆದರು.

ಚಪ್ಪಾಳೆ ಬಿತ್ತು. ಫಿಲೆಟಸ್ ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ.

“ಟೋಪಿ ಎಲ್ಲಿ?” ಎಂದರು ಜಡ್ಜ್.

ಚಪ್ಪಾಳೆ ನಿಂತಿತು.

“ನಮ್ಮ ಗಣರಾಜ್ಯದ ದೇವಿ ಹೇಗಿದಾಳೋ ಹಾಗೇ ಬರಿ ಅಂದಿದ್ದೆ ನಿನಗೆ.” ಜಡ್ಜ್ ಜೇಬಿನಿಂದ ಅರ್ಧ ಡಾಲರಿನ ಬೆಳ್ಳಿ ನಾಣ್ಯ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. “ಬಂಡೆ ಇದೆ, ಗುರಾಣಿ ಇದೆ, ಕೋಲಿದೆ. ಕೋಲಿನ ತುದಿಗೆ ಟೋಪಿ ಇದೆ! ನಾನು ಸೇಂಟ್ ಲೂಯಿಸ್‌ಗೆ ಹೋಗೋ ಮುಂಚೆ ಇಲ್ಲೂ ಇತ್ತು. ಯಾಕೆ ಕಿತ್ತೆ?”

ಫಿಲೆಟಸ್ ನಾಣ್ಯವನ್ನು ದಿಟ್ಟಿಸಿದ. ಇಷ್ಟು ವರ್ಷಗಳಲ್ಲಿ ಅಂಥವು ಎಷ್ಟೋ ಅವನ ಕೈ ದಾಟಿದ್ದವು. ಹಲ್ಲಿನಲ್ಲಿ ಕಚ್ಚಿ ಅಸಲಿಯೋ ನಕಲಿಯೋ ಎಂದು ನೋಡಿದ್ದನೇ ಹೊರತು, ಅದರ ಮೇಲಿದ್ದವಳನ್ನು ಒಮ್ಮೆಯೂ ನೋಡಿರಲಿಲ್ಲ.

“ನಾನು ಹೇಳ್ತೀನಿ ಯಾಕೆ ಅಂತ,” ಎಂದು ಕ್ಯಾಪ್ಟನ್ ಎದ್ದ. “ಗುಲಾಮರು ಇರೋ ಕಡೆ ಸ್ವಾತಂತ್ರ್ಯ ಇಲ್ಲ ಅಂತ ಉತ್ತರದೋರು ಭಾಷಣ ಬಿಗೀತಾರಲ್ಲ, ಅದನ್ನೇ ಇವನು ಬಣ್ಣದಲ್ಲಿ ಹೇಳಿದಾನೆ. ನಮ್ಮ ದೇವಿ ಟೋಪಿ ಕಿತ್ತುಹಾಕಿದಾನೆ!”

“ಕನೆಟಿಕಟ್‌ನೋನು!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಇಲ್ಲ! ದೇವರಾಣೆ ಇಲ್ಲ!” ಫಿಲೆಟಸನ ದನಿ ಕೀರಲಾಯಿತು. “ನಾನು ನಿಮ್ಮ ಕಡೆಯೋನು ಜಡ್ಜ್ ಸಾಹೇಬ್ರೆ! ಆ ಟೋಪಿನೇ ಕೆಟ್ಟದ್ದು. ಅದು ಬಿಡುಗಡೆಯಾದ ಗುಲಾಮರ ಟೋಪಿ. ರೋಮಿನಲ್ಲಿ ಅದನ್ನ ತಲೆಗೆ ಹಾಕಿದ್ರೆ ಗುಲಾಮ ಸ್ವತಂತ್ರ ಆದ ಅಂತ. ಬೇಕಾದ್ರೆ ಮೇಷ್ಟ್ರನ್ನ ಕೇಳಿ!”

ಎಲ್ಲರೂ ಕ್ರಾಬ್‌ಟ್ರೀ ಮೇಷ್ಟರ ಕಡೆ ತಿರುಗಿದರು.

“ರೋಮ?” ಎಂದರು ಮೇಷ್ಟರು. “ನಾನಿಲ್ಲಿ ಮಕ್ಕಳಿಗೆ ಮಗ್ಗಿ ಹೇಳ್ಕೊಡ್ತೀನಿ ಅಷ್ಟೇ.”

ಮೊದಲ ಸಾಲಿನ ಸೆಣಬಿನ ವ್ಯಾಪಾರಿ ಜೇಬಿಗೆ ಕೈ ಹಾಕಿ ಒಂದು ಬೆಳ್ಳಿ ನಾಣ್ಯ ತೆಗೆದು ಕಣ್ಣಿನ ಹತ್ತಿರ ಹಿಡಿದ. ಪಕ್ಕದವನೂ ತೆಗೆದ. ಸಾಲಿನಿಂದ ಸಾಲಿಗೆ ಜೇಬುಗಳು ಸದ್ದು ಮಾಡಿದವು. ನಾಲ್ಕು ನೂರು ಜನ ತಲೆ ತಗ್ಗಿಸಿ, ಪ್ರಾರ್ಥನೆಗೆ ಕೂತವರ ಹಾಗೆ, ತಮ್ಮ ತಮ್ಮ ಅಂಗೈಯಲ್ಲಿದ್ದ ಟೋಪಿಯನ್ನು ನೋಡಿದರು.

ಆಮೇಲೆ ತಲೆ ಎತ್ತಿ, ಏಣಿಯ ಪಕ್ಕದಲ್ಲಿ ನಿಂತಿದ್ದ ಐಸಮ್‌ನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ. ಆದರೆ ಅವನಿಗೆ ಕಿವಿ ಕೇಳಿಸುತ್ತದೆ ಎಂಬುದು ಇಡೀ ಸಭೆಗೆ ಗೊತ್ತಿತ್ತು.

“ಐಸಮ್,” ಎಂದರು ಜಡ್ಜ್ ಮೆಲ್ಲಗೆ, “ಮನೆಗೆ ಹೋಗು.”

“ಆಗಲಿ ಧಣಿ.” ಐಸಮ್ ಹೋದ. ಅವಸರವಿಲ್ಲದೆ, ಹಬ್ಬದ ದಿನ ನಡೆಯುವವನ ಹಾಗೆ ಹೋದ. ಇನ್ನು ಒಂದು ಗಂಟೆಯೊಳಗೆ ಮೂವತ್ತೊಂದು ಜನಕ್ಕೂ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಲು ಮೇಷ್ಟರ ಮಗ್ಗಿ ಬೇಕಿರಲಿಲ್ಲ.

ಫಿಲೆಟಸ್ ಒಂದೊಂದೇ ಮುಖ ನೋಡಿದ. ಈಗ ಅವನ ಮೇಲೆ ಅನುಮಾನ ಯಾರಿಗೂ ಇರಲಿಲ್ಲ, ಎಲ್ಲರಿಗೂ ಖಾತ್ರಿಯಾಗಿತ್ತು. ಇಷ್ಟು ವರ್ಷ ಬಿಡುಗಡೆಯ ಯಾವ ಭಾಷಣಕಾರನಿಗೂ ಆಗದ ಕೆಲಸವನ್ನು ಅವನು ಎರಡು ಮಾತಿನಲ್ಲಿ, ಜೀವ ಉಳಿಸಿಕೊಳ್ಳುವ ಆತುರದಲ್ಲಿ ಮಾಡಿ ಮುಗಿಸಿದ್ದ.

ನಾಣ್ಯಗಳು ಒಂದೊಂದಾಗಿ ಜೇಬಿಗೆ ಮರಳಿದವು. ಯಾರೂ ಬಿಸಾಡಲಿಲ್ಲ. ಜಡ್ಜ್ ತಮ್ಮದನ್ನು ಬೋರಲು ಮಾಡಿ ಒಳಗಿಟ್ಟು, ಕ್ಯಾಪ್ಟನ್ ಕಡೆ ತಿರುಗಿದರು.

“ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕು.”