ಪ್ರಶ್ನೆ ಕೇಳಿದವರ ಬಳಚು ಹೊಳೆಗೆ

ನಾನು ನಿಂತಿದ್ದು ಭಾವಿಕೇರಿಯಲ್ಲಿ, ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಒಡ್ಡಿನ ಮೇಲೆ. ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಹೊಳೆಯ ನೀರು ಪೂರ್ತಿ ಇಳಿದಿದ್ದ ಹೊತ್ತಿನಲ್ಲಿ. ಇಷ್ಟು ಖಚಿತವಾಗಿ ಹೇಳದಿದ್ದರೆ, ನನ್ನ ಅತ್ತೆಯ ಬಾಯಿ ಮುಚ್ಚಿದ್ದನ್ನು ಕಂಡೆ ಎಂದರೆ ನಮ್ಮೂರಲ್ಲಿ ಯಾರು ನಂಬುತ್ತಾರೆ?

ನಿದ್ದೆಯಲ್ಲೂ ಮಾತಾಡುವ ಹೆಂಗಸು ಅವಳು! ನಾನು ಮಾಸ್ತರನಾಗಿರುವ ಪ್ರೌಢಶಾಲೆಯ ಸಮಿತಿಗೆ ಅವಳು ಸೇರಿದ ಮೇಲೆ, ಸಭೆಗಳಲ್ಲಿ ಉಳಿದವರು ಬರೀ ಚಹಾ ಕುಡಿದು ಬರುತ್ತಾರೆ.

ಒಮ್ಮೆ ಕಾರವಾರದಿಂದ ಸಾಹೇಬರೊಬ್ಬರು ಹದಿಹರೆಯದ ಮಕ್ಕಳ ಮನಸ್ಸಿನ ಆರೋಗ್ಯದ ಕಾರ್ಯಕ್ರಮಕ್ಕೆ ಬಂದರು. ಹತ್ತನೆಯ ತರಗತಿಯವರನ್ನು ಸಾಲಾಗಿ ಕೂರಿಸಿ, "ನಿಮ್ಮ ಸಮಸ್ಯೆ ಏನು? ಸಂಕೋಚವಿಲ್ಲದೆ ಹೇಳಿ" ಎಂದರು. ತುಂಬ ಹೊತ್ತಿನ ಮೇಲೆ ಒಬ್ಬ ಎದ್ದು ನಿಂತ.

"ಫ್ಯಾನ್ ತಿರಗೂದಿಲ್ಲ ಸರ್."

ಸಾಹೇಬರು ಹೋದ ಮೇಲೆ ಅತ್ತೆ ಶುರುಮಾಡಿದಳು: "ಎದ್ರಿಗೆ ಕೂರ್ಸಿ ಕೇಳೂಕೆ ಇದೆಂತ ಪೊಲೀಸ್ ಠಾಣೆಯಾ? ನಾವು ಹೆಂಗಸ್ರು ಎಲ್ಲಿ ಬಾಯಿ ಬಿಡ್ತೇವೆ? ಬಳಚು ಹೆಕ್ಕುವಲ್ಲಿ. ಬಗ್ಗಿದವ್ರ ಮುಖ ಯಾರಿಗೂ ಕಾಣೂದಿಲ್ಲ."

ಹೀಗೆ ಶನಿವಾರಗಳಂದು ಮಕ್ಕಳು ಹೊಳೆಯ ಕೆಸರಿಗಿಳಿದು, ಸಾರಿಗಾಗುವ ಚಿಪ್ಪುಮೀನಾದ ಬಳಚು ಹೆಕ್ಕತೊಡಗಿದರು. ಅತ್ತೆಯ ನಿಯಮ ಒಂದೇ: ಪ್ರಶ್ನೆ ಕೇಳಬಾರದು. ಕೇಳಿದವರು ಹೆಕ್ಕಿದ್ದನ್ನೆಲ್ಲ ಹೊಳೆಗೆ ಸುರಿಯಬೇಕು! ಇಂಥ ಶಾಲಾ ಕಾರ್ಯಕ್ರಮವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮೊದಲ ದಿನವೇ ನಮ್ಮ ಮುಖ್ಯ ಶಿಕ್ಷಕಿ ಶಾಲಿನಿ ಅಕ್ಕೋರು, ಅಭ್ಯಾಸಬಲದಿಂದ ಒಬ್ಬನನ್ನು "ಹೋಂವರ್ಕ್ ಆಯ್ತಾ?" ಎಂದು ಕೇಳಿಬಿಟ್ಟರು.

"ಸುರೀರಿ ಅಕ್ಕೋರೆ!" ಎಂದು ಮಕ್ಕಳೆಲ್ಲ ಕೂಗಿದರು. ಸುರಿದರು. ಅವತ್ತು ಅವರ ಮನೆಯಲ್ಲಿ ಬೇಳೆಸಾರು.

ಕೇಳುವವರಿಲ್ಲದ ಕಾರಣ ಮಕ್ಕಳು ತಾವಾಗಿ ಮಾತಾಡತೊಡಗಿದರು, ಕೆಸರಿಗೇ ಹೇಳುತ್ತಿದ್ದಾರೆ ಎಂಬಂತೆ.

ನಾನು ಹೇಳಿದ ಶನಿವಾರ, ಅಜ್ಜಿಮನೆಯಲ್ಲಿದ್ದು ಓದುತ್ತಿದ್ದ ಅಮದಳ್ಳಿಯ ಹುಡುಗಿಯೊಬ್ಬಳು ಅತ್ತೆಯ ಪಕ್ಕ ಬಗ್ಗಿದ್ದಳು. ಅತ್ತೆ, ತಾನು ನಪಾಸಾಗಿ ಹುಲ್ಲಿನ ಬಣವೆಯಲ್ಲಿ ಅಡಗಿ ಕೂತು, ಮೇಯಲು ಬಂದ ಎಮ್ಮೆಗೆ ಸಿಕ್ಕಿಬಿದ್ದ ಕತೆ ಹೇಳುತ್ತಿದ್ದಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಆ ಹುಡುಗಿ ತಲೆಯೆತ್ತದೆ ಹೇಳಿದಳು:

"ನಂಗೆ ಇರೂದೇ ಬ್ಯಾಡ ಅನಿಸ್ತದೆ, ಅತ್ತೆ."

ಅತ್ತೆಯ ಬಾಯಿ ಮುಚ್ಚಿತು. "ಯಾಕೆ" ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು. ಪಕ್ಕದಲ್ಲಿದ್ದ ಅಕ್ಕೋರು ನನ್ನ ತೋಳು ಹಿಡಿದರು. ಅತ್ತೆಯ ಕೈ ಮಾತ್ರ ಕೆಸರಿನಲ್ಲಿ ಆಡುತ್ತಲೇ ಇತ್ತು. ಆಮೇಲೆ, ಅವಳೂ ತಲೆಯೆತ್ತದೆ, ಮೆಲ್ಲಗೆ ಕೇಳಿದಳು:

"ಇವತ್ತು ಮಾತ್ರವಾ, ದಿನಾನಾ?"

"ದಿನಾ."

ಅತ್ತೆ ಎದ್ದು, ತುಂಬಿದ ಬುಟ್ಟಿಯನ್ನು ಹೊಳೆಗೆ ಸುರಿದಳು.

"ಸುರೀಬಾರ್ದಾಗಿತ್ತು ಅತ್ತೆ," ಎಂದಳು ಹುಡುಗಿ. ಅವಳ ಮುಖ ಆಗ ನಮಗೆ ಕಂಡಿತು.

"ನಿಯಮ ಅಂದ್ರೆ ನಿಯಮ. ನಂಗೆ ಇನ್ನೂ ಕೇಳೂದುಂಟು ತಂಗಿ, ಬುಟ್ಟಿ ಬರಿದೇ ಇರ್ಲಿ. ನಡಿ, ಅಜ್ಜಿಗೆ ಹೇಳಿ ಡಾಕ್ಟ್ರ ಹತ್ರ ಹೋಗ್ವ. ನಾ ಬಾಗ್ಲಲ್ಲೇ ಕೂತಿರ್ತೆ. ಕರದ್ರೆ ಒಳಗೆ ಬತ್ತೆ."

ಅವಳ ಕೈಯ ಕೆಸರನ್ನು ಅತ್ತೆಯೇ ತೊಳೆದಳು. ಕಾರವಾರದ ಬಸ್ಸಿನಲ್ಲಿ ಬಾಯಿ ಮತ್ತೆ ತೆರೆಯಿತಂತೆ. ಇಳಿಯುವಷ್ಟರಲ್ಲಿ ಕಂಡಕ್ಟರನಿಗೆ ಹೆಣ್ಣು ಹುಡುಕಿಯಾಗಿತ್ತಂತೆ! ಆದರೆ ಹುಡುಗಿಯ ಕೈಯನ್ನು ದಾರಿಯುದ್ದಕ್ಕೂ ಬಿಟ್ಟಿರಲಿಲ್ಲ. ಆಮೇಲೆ ಹಲವು ತಿಂಗಳು ಇಬ್ಬರೂ ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬಂದರು.

ಆ ಶನಿವಾರವನ್ನು ಕಂಡವರಲ್ಲಿ ಶಾಲಿನಿ ಅಕ್ಕೋರು ಇದ್ದಾರೆ, ನಿವೃತ್ತರಾಗಿ ಅಂಕೋಲೆಯಲ್ಲಿ. ಅತ್ತೆ ಇದ್ದಾಳೆ, ಅವಳ ಬಾಯಿಯೂ ಇದೆ. ಆ ಹುಡುಗಿಯ ಹೆಸರನ್ನು ನಾನು ಬರೆಯುವುದಿಲ್ಲ. ಇದ್ದಾಳೆ.